ಹದಿನಾಲ್ಕನೇ ಗೂಡಿನ ಕಡಿತ

ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ದಿನಗಳೆಲ್ಲ ನೆಂಟರ ಪಾಲಾದವು. ಅವರು ಹೊರಟ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಅವಳು ಬಕೆಟ್ ತುಂಬಿಸಿ, ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಳು. ಗೋಡೆ ನೋಡುತ್ತ ಕೂರುವುದಕ್ಕಿಂತ ಅದೇ ವಾಸಿ ಎಂದು ಅತ್ತೆಯೂ ತಡೆಯಲಿಲ್ಲ.

ಗಂಡ ಹೆಂಡತಿ ಇಬ್ಬರದೂ ಒಂದೇ ಪ್ರಯೋಗಾಲಯ. ಇಲಿಗಳ ಬಾಯಲ್ಲಿರುವ ಬ್ಯಾಕ್ಟೀರಿಯಾ ರಕ್ತದ ಕೆಂಪು ಕಣಗಳಿಗೆ ಹೇಗೆ ಅಂಟಿಕೊಳ್ಳುತ್ತವೆ ಎಂದು ನೋಡುವುದು ಅವನ ಕೆಲಸವಾಗಿತ್ತು. ಹದಿನಾಲ್ಕನೇ ಗೂಡಿನ ಇಲಿ ತನ್ನ ಬೆರಳು ಕಚ್ಚಿದ ದಿನ ಅವನು ಅವಳ ಬಾಯಿಗೆ ಬೀಗ ಹಾಕಿದ್ದ. ಕಡಿತಗಳನ್ನು ದಾಖಲಿಸುವ ಪುಸ್ತಕದಲ್ಲಿ ಅದನ್ನು ಬರೆದರೆ ಆ ಗೂಡಿನ ಇಲಿಗಳನ್ನೆಲ್ಲ ಕೊಲ್ಲಬೇಕು, ಅಲ್ಲಿಯ ನಿಯಮ ಅದು. ಎಂಟು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು.

ಆಮೇಲೆ ಜ್ವರ ಬಂತು, ಕೀಲುಗಳು ಹಿಡಿದವು. ಪ್ರಾಣಿ ಏನಾದರೂ ಕಚ್ಚಿತ್ತೇ ಎಂದು ವೈದ್ಯರು ಕೇಳಿದಾಗ ಇಲ್ಲವೆಂದ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳು ವೈದ್ಯರಿಗೆ ನಿಜ ಹೇಳಿದ್ದು ಐದನೆಯ ದಿನ. ಅಷ್ಟರಲ್ಲಿ ಕಾಯಿಲೆ ಹೃದಯಕ್ಕೆ ಇಳಿದಿತ್ತು. ಕಡಿತದ ವಿಷಯ ಪ್ರಯೋಗಾಲಯದಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಆ ಗೂಡಿನಿಂದ ಅವನು ತೆಗೆದಿಟ್ಟಿದ್ದ ಬ್ಯಾಕ್ಟೀರಿಯಾವನ್ನು ಅವಳು ತಟ್ಟೆಯ ಕುಳಿಗಳಿಗೆ ಹನಿಸಿ, ಮೇಲೆ ಕೆಂಪು ಕಣಗಳನ್ನು ಬಿಟ್ಟಳು. ಅಂಟದಿದ್ದರೆ ಕಣಗಳು ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತವೆ. ಅಂಟಿದರೆ ಒಂದಕ್ಕೊಂದು ಗಂಟು ಬಿದ್ದು ಚಾಪೆಯಂತೆ ಹರಡುತ್ತವೆ. ಕೊಂದದ್ದು ಆ ಕಡಿತವಲ್ಲ ಎಂದುಕೊಳ್ಳಲಾದರೂ ಗುಂಡಿಯಾಗಲಿ ಎಂದು ಕಾದಳು. ಗಂಟೆ ಕಳೆಯಿತು. ಹನ್ನೆರಡು ಕುಳಿಗಳಲ್ಲೂ ಚಾಪೆ. ಅದರಿಂದ ಏನೂ ತೀರ್ಮಾನವಾಗದೆಂದು ಅವಳಿಗೆ ಗೊತ್ತು. ತಟ್ಟೆಯಲ್ಲಿ ಹಿಡಿದದ್ದೆಲ್ಲ ಮೈಯಲ್ಲಿ ಕೊಲ್ಲುವುದಿಲ್ಲ. ಗುಂಡಿಯಾಗಿದ್ದರೂ ಅವನು ಬರುತ್ತಿರಲಿಲ್ಲ.

ಇಲಿಗಳನ್ನು ಸಾಕುವ ಹಿರಿಯರನ್ನು ಎಲ್ಲರೂ ಇಲಿಮಾವ ಎನ್ನುತ್ತಿದ್ದರು. ಅವರು ಬಾಗಿಲಲ್ಲಿ ನಿಂತು, ಅಳೆದೂ ಸುರಿದೂ ವಿಷಯಕ್ಕೆ ಬಂದರು. ಕಡಿತದ ಪುಸ್ತಕವನ್ನು ಸಣ್ಣ ಸಾರ್, ಅಂದರೆ ಅವಳ ಗಂಡ, ಒಂದು ದಿನಕ್ಕೆಂದು ಇಸಕೊಂಡು ಹೋಗಿದ್ದರಂತೆ.

"ಕೇಳಬಾರ್ದಮ್ಮ. ಆದ್ರೆ ತಪಾಸಣೆಯವರು ಬರ್ತಾರೆ. ಪುಸ್ತಕ ಇಲ್ದಿದ್ರೆ ನನ್ನನ್ನೇ ಬೋನಿಗೆ ಹಾಕ್ತಾರೆ."

ಅವರ ಕೈಗವಸಿನ ಎರಡು ಬೆರಳು ಹರಿದಿದ್ದವು.

"ಹದಿನಾಲ್ಕನೇ ಗೂಡು ಯಾರು ತೊಳೀತಾರೆ, ಮಾವ?"

"ಇನ್ಯಾರು, ನಾನೇ. ಸಣ್ಣ ಸಾರ್ ಇಲಿಗಳು ಅಂತ ದಿನಾ ನಾಕು ಕಾಳು ಜಾಸ್ತಿ ಹಾಕ್ತೀನಿ. ಅವ್ರ ಗುರುತು ಅಂತ ಇಲ್ಲಿ ಉಳ್ದಿರೋದು ಅದೊಂದೇ ತಾನೇ?"

ಪುಸ್ತಕ ಅವನ ಮೇಜಿನ ಕೆಳಗಿನ ಖಾನೆಯಲ್ಲಿತ್ತು. ಅವಳು ನಿಂತೇ ಬರೆದಳು: ತಾರೀಖು, ಗೂಡು, ಎಡಗೈ ತೋರುಬೆರಳು. 'ತಿಳಿದಿದ್ದವರು' ಎಂಬಲ್ಲಿ ತನ್ನ ಹೆಸರು. ಇಲಿಮಾವ ಹೆಗಲ ಮೇಲಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಇವತ್ತಿಂದ ಆ ಗೂಡಿಗೆ ಕೈ ಹಾಕ್ಬೇಡಿ," ಎಂದಳು.

"ಕೊಲ್ಲೋನೂ ನಾನೇ ಅಲ್ವೇನಮ್ಮ?"

ಅವಳು ಶಾಯಿ ಆರಿದ ಮೇಲೆ ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟಳು.