ಗೋಲಿ ಇಲ್ಲದ ಗಾಡಿ

ನನ್ನ ಸಿಟ್ಟು ನಮ್ಮ ಅಪ್ಪನಿಂದ ಬಂದದ್ದು ಅಂತ ನನ್ನ ಹೇಣ್ತಿ ಉಜ್ವಲಾ ಮಂದಿ ಮುಂದ ಹೇಳ್ತಿರ್ತಾಳ. ಖರೆ ಅಲ್ಲ. ಅಪ್ಪ ಫಕೀರಪ್ಪ ಗದಗಿನ ಕಡೆ ಒಂದು ಸಣ್ಣ ಸ್ಟೇಶನ್ನಿನಾಗ ಹಳಿ ಬದಲಿಸೂ ಪಾಯಿಂಟ್ಸ್‌ಮನ್ ಆಗಿದ್ದ. ಮೂವತ್ತೊಂದು ವರ್ಷದ ನೌಕರಿಯೊಳಗ ಒಬ್ಬರ ಮ್ಯಾಲ ದನಿ ಏರಿಸಿದಾಂವಲ್ಲ. ಅಂವನಿಂದ ನನಗ ಬಂದದ್ದು ರೈಲಿನ ಹುಚ್ಚು, ರೈಲಿನ ಕಾಯ್ದೆ. ಸಿಟ್ಟು ಮಾತ್ರ ನಂದ, ಸ್ವಂತ ಗಳಿಕಿ.

ಒಮಾನದಾಗ ಮಂದಿ ಕುಂತು ಹೋಗೂ ರೈಲು ಇನ್ನೂ ಇಲ್ಲ. ಸೊಹಾರದ ಕಡೆ ಹಳಿ ಹಾಕಾಕತ್ತಾರಂತ, ಮೊದಲನೇ ಟಿಕೀಟು ನಂದ ಅಂತ ನಮ್ಮ ಗೆಳೆಯ ಆಶ್ಲೆ ಹೇಳ್ತಿದ್ದ. ಇಂಥಾ ದೇಶದಾಗ ನಾವು ಮೂರು ಮಂದಿ, ಬರ್ಕಾ ಪ್ಯಾಟ್ಯಾಗಿನ ಒಂದು ಅಂಗಡಿ ಮಾಳಿಗಿಯೊಳಗ, ಹದಿನಾರು ಫೂಟ್ ಉದ್ದದ ಹಲಗಿ ಮ್ಯಾಲ ಸಣ್ಣ ರೈಲು ಓಡಸ್ತಿದ್ವಿ. ಆಟಿಗಿ ಸಾಮಾನು ಅಂತ ಯಾರರೆ ಅಂದ್ರ ನನಗ ಮೈ ಉರೀತಿತ್ತು.

ಅಂಗಡಿ ಸಲಾಂ ಭಾಯ್‌ರದು. ಬಂಟ್ವಾಳದ ಕಡೆಯ ಬ್ಯಾರಿ, ವಯಸ್ಸು ಅರವತ್ತರ ಹತ್ರ, ಬಕೆಟ್ಟು ಚಾಪಿ ಕುಕ್ಕರ್ ಮಾರ್ತಾರ. ಸ್ಟೋರ್ ರೂಮಿನ ಅರ್ಧ ಜಾಗ ನಮಗ ಬಿಟ್ಟುಕೊಟ್ಟಿದ್ರು. ನಾ ಅಲ್ಲೇ ಹತ್ರ ನೀರಿನ ಪ್ಲಾಂಟಿನಾಗ ಟೆಕ್ನಿಷಿಯನ್. ಆಶ್ಲೆ ಕಿನ್ನಿಗೋಳಿ ಕಡೆಯ ಕ್ಯಾಥೊಲಿಕರ ಹುಡುಗ, ಒಂದು ಕಂಪನಿಯೊಳಗ ಡ್ರಾಫ್ಟ್ಸ್‌ಮನ್. ಅಲ್ ಅಮೇರಾತ್‌ದಾಗ ಮನಿ, ಹೇಣ್ತಿ ಜೆಸಿಂತಾ ನರ್ಸ್, ಮಕ್ಕಳಿಲ್ಲ. ಅಲ್ಲಿಂದ ಬರ್ಕಾಕ್ಕ ಕಾರಿನಾಗ ಒಂದು ತಾಸಿನ ಹಾದಿ.

ಶುಕ್ರವಾರ ಅಂವ ಚರ್ಚು ಮುಗಿಸಿ, ಸಲಾಂ ಭಾಯ್ ಜುಮಾ ನಮಾಜ್ ಮುಗಿಸಿ, ನಾ ನಿದ್ದಿ ಮುಗಿಸಿ, ಎರಡರ ಸುಮಾರಿಗೆ ಕೂಡ್ತಿದ್ವಿ. ಮಾತು ರೈಲಿನಿಂದ ಸುರುವಾಗಿ ಉಳ್ಳಾಗಡ್ಡಿ ರೇಟಿಗೆ ಹೋಗಿ, ಅಲ್ಲಿಂದ ವೀಸಾಕ್ಕ, ಅಲ್ಲಿಂದ ಸಲಾಂ ಭಾಯ್‌ರ ಸಕ್ಕರಿ ಕಾಯಿಲೆಗೆ ಹೋಗಿ, ತಿರುಗಿ ರೈಲಿಗೇ ಬರ್ತಿತ್ತು. ಜರ್ಮನಿಯಿಂದ ತರಿಸಿದ ಇಂಜಿನ್ನಿಗೆ ಆಶ್ಲೆ ನಮ್ಮ ಕಡೆಯ ಹಳೇ ಡೀಸೆಲ್ ಇಂಜಿನ್ನಿನ ಬಣ್ಣ ಹಚ್ಚಿದ್ದ. ಥರ್ಮೊಕೋಲು ಕೊರೆದು ಘಟ್ಟ ಮಾಡಿದಾಂವ ಅಂವನ, ಎರಡು ಸ್ಟೇಶನ್ ಕಟ್ಟಿದಾಂವ ಅಂವನ. ಮ್ಯಾಲಿನ ಸ್ಟೇಶನ್ನಿನಿಂದ ಕೆಳಗಿನದಕ್ಕ ಒಂಟಿ ಹಳಿ.

ಡಿಸೆಂಬರ್ ಬಂತಂದ್ರ ಆಶ್ಲೆ ಗೂಡ್ಸ್ ಗಾಡಿಯ ತೆರೆದ ಡಬ್ಬಿಯೊಳಗ ಕಿಡಿಯೊ ತುಂಬಿ ಕಳಸ್ತಿದ್ದ. ಕಿಡಿಯೊ ಅಂದ್ರ ಅವರ ಹಬ್ಬದ ತಿನಿಸು, ನಮ್ಮ ಶಂಕರಪಾಳಿ ಇದ್ದಂಗ, ಆದ್ರ ಸುರುಳಿ ಸುತ್ತಿರತಾವ. ಗಾಡಿ ಘಟ್ಟ ಇಳಿದು ನಮ್ಮ ಮುಂದ ಬಂದು ನಿಂತ ಮ್ಯಾಲ ನಾವು ಎತ್ಕೊಂಡು ತಿನ್ನಬೇಕು. ಗಾಡಿ ನಿಲ್ಲೂ ಮೊದಲ ಕೈ ಹಾಕಿದ್ರ ದಂಡ. ಸಲಾಂ ಭಾಯ್ ಸಕ್ಕರಿ ಕಾಯಿಲೆ ಮರ್ತು ನಾಲ್ಕು ಎತ್ತತಿದ್ರು.

ಇನ್ನ ಗೋಲಿ ಸುದ್ದಿ. ಒಂಟಿ ಹಳಿ ಮ್ಯಾಲ ಎರಡು ಗಾಡಿ ಎದುರಾಬದುರಾ ಬರಬಾರದು ಅಂತ ಹಿಂದಿನ ಕಾಲದಾಗ ಒಂದು ಪದ್ಧತಿ ಇತ್ತು. ಎರಡು ಸ್ಟೇಶನ್ನಿನ ನಡುವಿನ ಹಾದಿಗೆ ಒಂದು ಸಲಕ್ಕ ಒಂದ ಲೋಹದ ಗೋಲಿ. ಅದನ್ನ ಚರ್ಮದ ಚೀಲದಾಗ ಹಾಕಿ, ಬೆತ್ತದ ದೊಡ್ಡ ರಿಂಗಿಗೆ ಕಟ್ಟಿ, ಅಪ್ಪ ಓಡೂ ಇಂಜಿನ್ನಿನ ಡ್ರೈವರ್ ಕೈಗೆ ಕೊಡ್ತಿದ್ದ. ಗೋಲಿ ಕೈಯಾಗಿದ್ರ ಮಾತ್ರ ಗಾಡಿ ಬಿಡಬೇಕು, ಮುಂದಿನ ಸ್ಟೇಶನ್ನಿನಾಗ ಅದನ್ನ ಒಪ್ಪಿಸಬೇಕು. ನಮ್ಮ ರೂಮಿಗೂ ನಾ ಅದ ಕಾಯ್ದೆ ತಂದೆ. ಪ್ಲಾಂಟಿನ ಲೇತಿನ ಮ್ಯಾಲ ನೆಲ್ಲಿಕಾಯಿಯಷ್ಟು ಹಿತ್ತಾಳಿ ಗೋಲಿ ಮಾಡಿದೆ. ಗಾಡಿ ಓಡಿಸುವಾಂವ ಅದನ್ನ ಅಂಗಿ ಜೇಬಿನಾಗ ಇಟ್ಕೋಬೇಕು, ಮುಗದ ಮ್ಯಾಲ ಗೋಲಿ ಇಡೂ ತಗಡಿನ ಡಬ್ಬಿಗೆ ಹಾಕಬೇಕು. ಗೋಡಿ ಮ್ಯಾಲ ಬರದೂ ಹಚ್ಚಿದ್ದೆ. ಆಶ್ಲೆ ನಕ್ಕೋತ ಒಪ್ಪಿದ್ದ, ಆದ್ರ ಅಂವಗ ಮರವು ಬಾಳ. ಎರಡು ಸಲ ಗೋಲಿ ಜೇಬಿನಾಗ ಇಟ್ಕೊಂಡು ಮನಿಗೆ ಹೋಗಿದ್ದ.

ಮೂರನೇ ಸಲ ಗೋಲಿ ಹಂಗ ಹೋದದ್ದು ನವೆಂಬರಿನ ನಡುವಿನ ಶುಕ್ರವಾರ. ಚರ್ಚಿನಾಗ ಕ್ರಿಸ್ಮಸ್ ಹಾಡಿನ ಪ್ರಾಕ್ಟೀಸ್ ಅದ ಅಂತ ಅಂವ ಮೂರಕ್ಕ ಎದ್ದು ಹೋದ. ಅವತ್ತು ನಾ ಘಟ್ಟದ ಮ್ಯಾಲ ಹೊಸಾ ಸೇತುವಿ ಜೋಡಿಸಿ ಮುಗಿಸಿದ್ದೆ. ಒಂದು ತಿಂಗಳ ಕೆಲಸ. ಮರುದಿನದಿಂದ ಪ್ಲಾಂಟಿನಾಗ ಶಟ್‌ಡೌನು, ಮಿಷನ್ ಎಲ್ಲಾ ನಿಲ್ಲಿಸಿ ರಿಪೇರಿ, ಹದಿನೈದು ದಿನ ಉಸಿರಾಡಾಕ ಪುರಸತ್ತಿಲ್ಲ. ಸಂಜಿ ಗಾಡಿ ಬಿಟ್ಟು ನೋಡಬೇಕು ಅಂತ ಡಬ್ಬಿ ತಗದ್ರ ಗೋಲಿ ಇಲ್ಲ. ಅಂಗಡ್ಯಾಗ ಗಾಜಿನ ಗೋಟಿ ಅದಾವಲ್ಲ, ಒಂದು ಇಟ್ಕೊಂಡು ಓಡಿಸಿ ಮಾರಾಯ್ರೇ ಅಂದ್ರು ಸಲಾಂ ಭಾಯ್. ಅದು ಕಾಯ್ದೆ ಅಲ್ಲ ಅಂದೆ. ಬ್ಯಾರೆ ದಾರಿ ಇಲ್ವಾ ಅಂತ ಕೇಳಿದ್ರು. ಇಲ್ಲ ಅಂದೆ. ಆಶ್ಲೆಗೆ ಫೋನ್ ಹಚ್ಚಿದೆ.

ಅಂವ ಮನಿ ಮುಟ್ಟಿದ್ದ. ಅಯ್ಯೋ, ಜೇಬಲ್ಲೇ ಉಂಟು, ಮುಂದಿನ ಶುಕ್ರವಾರ ತರ್ತೇನೆ ಪ್ರಕಾಶಣ್ಣ ಅಂದ.

"ನಿನಗ ಇದು ಹುಡುಗಾಟ. ನಮ್ಮಪ್ಪಗ ಇದು ಅನ್ನ ಆಗಿತ್ತು," ಅಂದೆ ನಾ. "ಈಗಿಂದೀಗ ತಂದಿಡು. ಇಲ್ಲಾಂದ್ರ ಇನ್ನ ಮ್ಯಾಲ ಈ ಮಾಳಿಗಿ ಹತ್ತಬ್ಯಾಡ."

ಆಯ್ತು, ಬಂದೆ ಅಂದ.

ಹಾದ್ಯಾಗಿನ ಸೀಬ್ ಊರು ದಾಟಿದ ಮ್ಯಾಲ ಅಂವನ ಕಾರು ನೀರಿನ ಟ್ಯಾಂಕರಿಗೆ ಹಿಂದಿನಿಂದ ಹೋಗಿ ಗುದ್ದಿತು. ಅಲ್ಲೇ ಜೀವ ಹೋತು. ನಾವು ಸಂಜಿ ಮಗ್ರಿಬ್ ಬಾಂಗಿನ ತನಕ ಕಾದ್ವಿ. ಅಂವ ಜೀವ ಬಿಟ್ಟು ಅರ್ಧ ತಾಸಾಗಿತ್ತು, ನಾ ಇನ್ನೂ ಅಂವಗ ಬೈಯಾಕತ್ತಿದ್ದೆ.

ಹೆಣ ಊರಿಗೆ ಕಳಿಸೂ ಮುಂದ ಜೆಸಿಂತಾ ಬಾಯಿ ಎಲ್ಲಾರನ್ನೂ ಒಂದ ಮಾತು ಕೇಳಿದ್ರು. ಗಂಡ ಪ್ರಾಕ್ಟೀಸಿಗೆ ಹೊರಡಬೇಕು ಅಂತ ಚಾ ಕುಡೀತಿದ್ರಂತ, ಫೋನ್ ಬಂತಂತ, ಒಂದು ಸಣ್ಣ ಕೆಲಸ ಉಂಟು ಅಂತ ಅರ್ಧ ಕಪ್ ಬಿಟ್ಟು ಎದ್ದು ಹೋದ್ರಂತ. ಆ ಫೋನ್ ಯಾರದು? ಅಂವನ ಫೋನು ಪುಡಿಪುಡಿ ಆಗಿತ್ತು. ನಾ ಅಲ್ಲೇ ಅವರ ಎದುರಿಗೆ ನಿಂತಿದ್ದೆ. ಗೊತ್ತಿಲ್ರಿ ಅಂದೆ.

ಒಂದು ಸಲ ಗೊತ್ತಿಲ್ಲ ಅಂದ ಮ್ಯಾಲ ಗೊತ್ತದ ಅನ್ನೂದು ಬಾಳ ಕಠಿಣ. ಬಿಸಿ ತುಪ್ಪ ಅದು, ನುಂಗಾಕೂ ಬರೂದಿಲ್ಲ, ಉಗಳಾಕೂ ಬರೂದಿಲ್ಲ. ಮಂದಿ ಬಾಯಿ ಸುಮ್ಮನಿರತದೇನು? ಆಶ್ಲೆಗೆ ಬರ್ಕಾ ಕಡೆ ಯಾವಾಕಿನೋ ಇದ್ಲಂತ ಅನ್ನೂ ಮಾತು ಊರಾಗ ದಫನದ ದಿನಾನ ಹುಟ್ಟಿತ್ತಂತ. ಅದು ಜೆಸಿಂತಾ ಬಾಯಿ ಕಿವಿಗೂ ಬಿದ್ದಿತ್ತು. ಇದೆಲ್ಲ ಸಲಾಂ ಭಾಯ್‌ರ ಹೇಣ್ತಿ ನಝೀರಾ ಅವರಿಂದ ನನಗ ಗೊತ್ತಾತು. ಆದ್ರೂ ನಾ ಬಾಯಿ ಬಿಡಲಿಲ್ಲ. ಶಟ್‌ಡೌನ್ ಕೆಲಸದಾಗ ತಲಿ ಹುಗಿದು ಕುಂತೆ.

ಜೆಸಿಂತಾ ಬಾಯಿ ನೌಕರಿಯ ನೋಟೀಸ್ ಪಿರಿಯಡ್ ಮುಗಿಸಾಕ ಊರಿಂದ ತಿರುಗಿ ಬಂದ್ರು. ಕ್ರಿಸ್ಮಸ್ ಮುಗಿಸಿ ರವಿವಾರದ ವಿಮಾನಕ್ಕ ಕಾಯಂ ಆಗಿ ಹೊರಡೂದಿತ್ತು. ಆಶ್ಲೆಯ ಇನ್ನೊಂದಿಷ್ಟು ಇಂಜಿನ್ನು ಮನ್ಯಾಗ ಅದಾವ, ಶುಕ್ರವಾರ ತಂದು ಕೊಟ್ಟು ಹೋಗ್ತೇನೆ ಅಂತ ಸಲಾಂ ಭಾಯ್‌ಗೆ ಹೇಳಿ ಕಳಿಸಿದ್ರು. ಅವತ್ತು ಕ್ರಿಸ್ಮಸ್ಸಿನ ಮರುದಿನ.

ನಾ ಮುಟ್ಟೂದ್ರಾಗ ಸಲಾಂ ಭಾಯ್ ಹಲಗಿ ಮ್ಯಾಲಿನ ಧೂಳು ಒರಸಿದ್ರು. ಆರು ವಾರದಿಂದ ಅಲ್ಲೆ ಒಂದು ಗಾಡೀನೂ ಓಡಿದ್ದಿಲ್ಲ. ಸಾವಿನ ಮನ್ಯಾಗ ಆ ವರ್ಷ ಹಬ್ಬದ ತಿನಿಸು ಮಾಡೂದಿಲ್ಲಲ್ಲ, ಅದಕ್ಕ ನಝೀರಾ ಅವರೇ ಕಿಡಿಯೊ ಮಾಡಿ ಕಳಿಸಿದ್ರು. ಮಾಡಾಕ ಕಲಿಸಿದಾಕಿ ಜೆಸಿಂತಾ ಬಾಯಿನ. ಸಲಾಂ ಭಾಯ್ ಅವನ್ನ ಒಂದೊಂದ ಎತ್ತಿ ಗೂಡ್ಸ್ ಡಬ್ಬಿಗೆ ತುಂಬಿದ್ರು. ನನ್ನ ಮಾರಿ ನೋಡದೇ ಮಾತಾಡಿದ್ರು.

"ಇವತ್ತು ನೀವು ಹೇಳ್ಬೇಕು ಪ್ರಕಾಶಣ್ಣ. ನೀವು ಹೇಳದಿದ್ರೆ ನಾನು ಹೇಳ್ತೇನೆ. ನಾನೂ ಇಲ್ಲೇ ಇದ್ದವನು. ನನಗೂ ಮೇಲೆ ಉತ್ತರ ಕೊಡ್ಲಿಕ್ಕೆ ಉಂಟು."

ನೀವ್ಯಾಕ ಇಷ್ಟು ದಿನ ಸುಮ್ಮನಿದ್ರಿ ಅಂತ ಕೇಳಬೇಕಂದೆ. ಕೇಳಲಿಲ್ಲ. ನನ್ನ ಮಾನ ಉಳಸಾಕ ಸುಮ್ಮನಿದ್ರು ಅಂತ ನನಗ ಗೊತ್ತಿತ್ತು.

ಜೆಸಿಂತಾ ಬಾಯಿ ನಾಲ್ಕಕ್ಕ ಬಂದ್ರು. ಬಾಳ ಸೊರಗಿದ್ರು. ಇಂಜಿನ್ನಿನ ಪೆಟ್ಟಿಗಿ ಸ್ಟೂಲಿನ ಮ್ಯಾಲ ಇಟ್ಟು, ಹಲಗಿ ಸುತ್ತಲೂ ಒಂದು ಸಲ ಅಡ್ಡಾಡಿದ್ರು. ಹತ್ತು ವರ್ಷದ ಶುಕ್ರವಾರ ಎಲ್ಲಾ ಇದಕ್ಕೇ ಹೋಯ್ತು, ನಾನು ಒಮ್ಮೆಯೂ ಬಂದು ನೋಡಲಿಲ್ಲ ಅಂದ್ರು. ಆಮ್ಯಾಲ, ಒಮ್ಮೆ ಓಡಿಸ್ತೀರಾ ಅಂತ ಕೇಳಿದ್ರು.

ಗೋಲಿ ಇಲ್ಲಲ್ಲ ಅಂತ ನಾನೂ ಸಲಾಂ ಭಾಯೂ ಮಾರಿ ಮಾರಿ ನೋಡಿಕೊಂಡ್ವಿ. ಅಷ್ಟರಾಗ ಏನೋ ನೆನಪಾಗಿ ಅವರು ಪರ್ಸಿನೊಳಗ ಕೈ ಹಾಕಿದ್ರು. ಪೊಲೀಸರು ಕೊಟ್ಟ ಪ್ಯಾಕೆಟ್ಟಿನಾಗ ವಾಚು, ಕೊರಳಾಗಿನ ಶಿಲುಬಿ, ಮತ್ತ ಇನ್ನೊಂದು ಸಾಮಾನು ಇತ್ತು, ಅದು ಎಂತದು ಅಂತ ಯಾರಿಗೂ ಗೊತ್ತಾಗಲಿಲ್ಲ, ನಿಮಗೆ ಗೊತ್ತುಂಟಾ ಅಂದ್ರು. ಅಂಗೈ ಬಿಚ್ಚಿದ್ರು. ನನ್ನ ಹಿತ್ತಾಳಿ ಗೋಲಿ.

ನಾ ಅಲ್ಲೇ ನೆಲಕ್ಕ ಕುಂತೆ. ಕುಂತು ಎಲ್ಲಾ ಹೇಳಿದೆ. ಇದು ಇಲ್ಲಿದು, ಇದನ್ನ ತಂದಿಡಾಕ ಬರಾಕತ್ತಿದ್ದ, ಫೋನ್ ಮಾಡಿದಾಂವ ನಾನ. ಬ್ಯಾರೆ ಯಾರೂ ಇಲ್ಲ, ಯಾವಾಕಿನೂ ಇಲ್ಲ, ಮಂದಿ ಮಾತು ನಂಬಬ್ಯಾಡ್ರಿ. ಏನಂತ ಬೈದೆ ಅನ್ನೂದನ್ನೂ ಇದ್ದದ್ದಿದ್ದಂಗ ಹೇಳಿದೆ. ಅವತ್ತು ನಿಮ್ಮ ಎದುರಿಗೆ ನಿಂತು ಗೊತ್ತಿಲ್ಲ ಅಂದದ್ದು ಸುಳ್ಳು ಅಂದೆ.

ಅವರು ಬಾಳ ಹೊತ್ತು ಗೋಲಿ ಕಡೇನ ನೋಡಿದ್ರು. ಅಳತಾರ, ಇಲ್ಲಾ ನನ್ನ ಕಪಾಳಕ್ಕ ಹೊಡೀತಾರ ಅಂದ್ಕೊಂಡೆ. ಹೊಡದಿದ್ರ ನನಗ ಹಗುರ ಆಗ್ತಿತ್ತು. ಕೆಳಗ ಅಂಗಡ್ಯಾಗ ಯಾರೋ ಗಿರಾಕಿ ಕರದ್ರು, ಸಲಾಂ ಭಾಯ್ ಅಲುಗಾಡಲಿಲ್ಲ.

"ಇದು ಇಲ್ಲದೆ ಓಡಿಸ್ಲಿಕ್ಕೆ ಬೇರೆ ದಾರಿಯೇ ಇರಲಿಲ್ವಾ?" ಅಂತ ಕೇಳಿದ್ರು ಜೆಸಿಂತಾ ಬಾಯಿ.

ಸಲಾಂ ಭಾಯ್ ತಲಿ ಎತ್ತಿ ನನ್ನನ್ನ ನೋಡಿದ್ರು. ಅವತ್ತು ಅವರು ಕೇಳಿದ್ದೂ ಇದನ್ನ. ಇಲ್ಲ ಅಂತ ಇನ್ನೊಂದು ಸಲ ಅಂದುಬಿಡಬಹುದಿತ್ತು. ರೈಲಿನ ಕಾಯ್ದೆ ಅವರಿಬ್ಬರಿಗೂ ಏನು ಗೊತ್ತು?

ಇತ್ತು ಅಂದೆ. ಗೋಲಿ ಕಳದ್ರ, ಇಲ್ಲಾ ಗೋಲಿ ಕೊಡೂ ಮಿಷನ್ ಕೆಟ್ರ, ರೈಲು ನಿಂತು ಬಿಡತದೇನ್ರಿ? ಎರಡು ಸ್ಟೇಶನ್ ಮಾಸ್ತರರು ಫೋನಿನಾಗ ಮಾತಾಡಿ ಹಳಿ ಖಾಲಿ ಅದ ಅಂತ ಖಾತ್ರಿ ಮಾಡ್ಕೊಂಡು, ಡ್ರೈವರಿಗೆ ಚೀಟಿ ಬರದು ಕೊಡ್ತಾರ. ಲೈನ್ ಕ್ಲಿಯರ್ ಚೀಟಿ. ಆ ಚೀಟಿ ಹಿಡಕೊಂಡು ಕತ್ತಲ್ಯಾಗ ಓಡಿ ಹೋಗಿ ಡ್ರೈವರಿಗೆ ಕೊಡಾಂವ ನಮ್ಮಪ್ಪನ. ನಾ ಸಣ್ಣಾಂವ ಇದ್ದಾಗಿಂದ ನೋಡೇನಿ. ಅವತ್ತು ನನಗ ಅದು ನೆನಪಿತ್ತು. ಆಶ್ಲೆಗೆ ಬುದ್ಧಿ ಕಲಿಸಬೇಕು ಅನ್ನೂ ಹಟಕ್ಕ ಬಿದ್ದು ನೆನಪಿಲ್ಲದಂಗ ಮಾಡಿದೆ. ಸಿಟ್ಟಿನ್ಯಾಗ ಕೊಯ್ದ ಮೂಗು ಸಮಾಧಾನ ಆದ ಮ್ಯಾಲ ಬಂದೀತೇನು?

"ಯಾ ಅಲ್ಲಾಹ್," ಅಂದ್ರು ಸಲಾಂ ಭಾಯ್, ಬಾಳ ಮೆತ್ತಗ.

ಜೆಸಿಂತಾ ಬಾಯಿ ಗೋಲಿ ಪರ್ಸಿನಾಗ ಹಾಕಿ ಜಿಪ್ ಎಳದ್ರು. ಇದು ನನ್ನ ಹತ್ರ ಇರಲಿ, ಅವರು ತಂದು ಒಪ್ಪಿಸಲಿಲ್ಲ ಅಲ್ವಾ ಅಂದ್ರು. ಆಮ್ಯಾಲ ಸಲಾಂ ಭಾಯ್‌ರ ಬಿಲ್ ಪುಸ್ತಕ ಅಲ್ಲೇ ಬಿದ್ದಿತ್ತು, ಅದನ್ನ ನನ್ನ ಮುಂದ ಸರಿಸಿದ್ರು.

"ಬರೆಯಿರಿ," ಅಂದ್ರು.

ಬಿಲ್ಲಿನ ಹಿಂಬದಿಗೆ ಬರದೆ. ಮ್ಯಾಲಿನ ಸ್ಟೇಶನ್ನಿನಿಂದ ಕೆಳಗಿನ ಸ್ಟೇಶನ್ ತನಕ ಹಳಿ ಖಾಲಿ ಅದ, ಗಾಡಿ ಬಿಡಬಹುದು. ತಾರೀಖು, ಟೈಮು ಹಾಕಿದೆ. ಡ್ರೈವರ್ ಹೆಸರು ಯಾರದು ಬರೀಲಿ ಅಂತ ಕೇಳಿದೆ.

"ಅವರದ್ದೇ," ಅಂದ್ರು.

ಆಶ್ಲೆ ಅಂತ ಬರದು ಸಹಿ ಮಾಡಿದೆ. ಚೀಟೀನ ಅವರ ಕೈಯಾಗ ಕೊಟ್ಟು ಕರೆಂಟು ಹಚ್ಚಿದೆ. ಗಾಡಿ ಮ್ಯಾಲಿನ ಸ್ಟೇಶನ್ನಿನಿಂದ ಬಿಟ್ಟು ಸುರಂಗ ದಾಟಿ, ನಾ ಕಟ್ಟಿದ ಸೇತುವಿ ಮ್ಯಾಲ ಬಂತು. ಸೇತುವಿ ಗಟ್ಟಿ ಇತ್ತು, ಒಂದು ಕೂದಲೆಳಿಯಷ್ಟೂ ಅಲುಗಲಿಲ್ಲ. ನನಗ ಅದನ್ನ ನೋಡೂ ಮನಸ್ಸ ಆಗಲಿಲ್ಲ. ಕೆಳಗಿನ ಸ್ಟೇಶನ್ನಿನಾಗ, ಜೆಸಿಂತಾ ಬಾಯಿ ಮುಂದ, ಗಾಡಿ ಬಂದು ನಿಂತಿತು.

ಅವರು ಡಬ್ಬಿಯಿಂದ ಒಂದು ಕಿಡಿಯೊ ಎತ್ತಿ ಸಲಾಂ ಭಾಯ್‌ಗೆ ಕೊಟ್ರು, ಒಂದು ನನಗ ಕೊಟ್ರು, ಒಂದು ತಾವು ಹಿಡಕೊಂಡ್ರು. ಮೂವರೂ ತಿನ್ನಲಿಲ್ಲ. ಆಮ್ಯಾಲ ಅವರು ಚೀಟಿ ಬಿಚ್ಚಿ, ಕಿಟಕಿ ಬೆಳಕಿಗೆ ಹಿಡದು, ಓದಿದ್ರು. ಎರಡು ಸಾಲು, ಒಂದು ಹೆಸರು, ಒಂದು ಸಹಿ.

"ಇಷ್ಟೇನಾ?" ಅಂತ ಕೇಳಿದ್ರು.

"ಇಷ್ಟ ರಿ," ಅಂದೆ.