ದೇವರ ಫೋಟೋದ ಗಾಜು

ಕಾರಿನ ಮುಂದಿನ ಗಾಜಿನ ಮೂಲೆಯಲ್ಲಿ ಮುದ್ರೆ ಇರಲಿಲ್ಲ. ಬಸವಂತ ಬೆರಳಿಗೆ ಉಗುಳು ಹಚ್ಚಿಕೊಂಡು ನಾಲ್ಕೂ ಮೂಲೆ ತಿಕ್ಕಿ ನೋಡಿದ. ಒಳಗೆ ಕೂತು ನೋಡಿದ, ಬಾನೆಟ್ಟಿನ ಮೇಲೆ ಬಗ್ಗಿ ಹೊರಗಿನಿಂದ ನೋಡಿದ. ಹಳೆಯ ಗಾಜಿನ ಎಡಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಂಪನಿಯ ಮುದ್ರೆ ಇತ್ತು. ಇದು ಒಡೆದರೂ ಕತ್ತಿಯಂತೆ ಮೈಮೇಲೆ ಬೀಳದ ಗಾಜು, ಕಾರಿಗೆಂದೇ ಮಾಡಿದ ಗಾಜು ಎನ್ನುವುದಕ್ಕೆ ಅದೇ ಸಾಕ್ಷಿ. ಈ ಹೊಸದಕ್ಕೆ ಮುದ್ರೆಯೂ ಇಲ್ಲ, ಮಣ್ಣೂ ಇಲ್ಲ. ಮೂಗು ಹತ್ತಿರ ಒಯ್ದರೆ ಅಗಸಿ ಎಣ್ಣೆಯ ವಾಸನೆ ಬೇರೆ. ಗಾಜು ಕೂಡಿಸಿದ ಮರಿಯಪ್ಪ ತನಗೆ ಟೋಪಿ ಹಾಕಿದ ಅನ್ನುವುದು ಅವನಿಗೆ ಖಾತ್ರಿಯಾಯಿತು.

ಕಾರು ಅವನದಲ್ಲ, ಡಾಕ್ಟರ್ ಸತ್ಯಭಾಮಾಬಾಯಿಯದು. ಧಾರವಾಡದ ಹೆಣ್ಣುಮಗಳು ನಾಗಪುರಕ್ಕೆ ಬಂದು ಹೆರಿಗೆಯಲ್ಲಿ ಹೆಸರು ಮಾಡಿ, ಇತವಾರಿ ಪೇಟೆಯ ಅರ್ಧ ವ್ಯಾಪಾರಿಗಳ ಮಕ್ಕಳನ್ನು ಕೈಯಲ್ಲಿ ಹಿಡಿದಾಕೆ. ಲಡಾಯಿಗೂ ಮುಂಚಿನ ಆಸ್ಟಿನ್ ಕಾರು ಅವರದು; ಅದಕ್ಕೆ ಗೋಕಾಕದ ಬಸವಂತ ಡ್ರೈವರು. ನಾಗಪುರದ ರಾಜಧಾನಿ ಪಟ್ಟ ಹೋಗಿ, ಕಚೇರಿಗಳೆಲ್ಲ ಗಂಟುಮೂಟೆ ಕಟ್ಟಿ, ಎಷ್ಟೋ ಸಾಹೇಬರ ಡ್ರೈವರುಗಳು ಬೀದಿಗೆ ಬಿದ್ದ ಕಾಲ ಅದು. ಬಸವಂತನ ಕೈಯಿಂದ ಮಾತ್ರ ಸ್ಟೇರಿಂಗು ತಪ್ಪಿರಲಿಲ್ಲ. ಅದು ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು, ಬರಲಿ ಅನ್ನುವ ಆಸೆಯೂ ಇಲ್ಲ. ಡಾಕ್ಟರ್‌ಬಾಯಿಯ ಬಸವಂತ ಅಂದರೆ ಸೀತಾಬರ್ಡಿಯ ಪೊಲೀಸನೂ ಕೈ ಎತ್ತಿ ದಾರಿ ಬಿಡುತ್ತಿದ್ದ. ಆ ಎತ್ತಿದ ಕೈಯನ್ನು ನೋಡಿ ಬರುವ ಸುಖ ಊಟದಲ್ಲಿಯೂ ಇರಲಿಲ್ಲ ಅವನಿಗೆ.

ಹಳೆಯ ಗಾಜು ಒಡೆದದ್ದು ಇತವಾರಿಯಲ್ಲಿ. ಬಿದಿರು ಹೇರಿದ ಕೈಗಾಡಿಯೊಂದು ಅಡ್ಡ ನಿಂತಿತ್ತು, ಒಂದು ಬಿದಿರಿನ ತುದಿ ಸೀದಾ ಬಂದು ಗಾಜಿಗೆ ಬಡಿಯಿತು. ಬಾಯಿ ಆಗ ಕಾರಿನಲ್ಲಿರಲಿಲ್ಲ. ಬಸವಂತ ಕೆಳಗಿಳಿದು ಆ ಗಾಡಿಯವನಿಗೆ ಮರಾಠಿ, ಹಿಂದಿ, ಸಾಲದ್ದಕ್ಕೆ ಕನ್ನಡದಲ್ಲಿಯೂ ಬೈದ. ಗಾಡಿಯವ ಮಾತ್ರ, "ಗಾಡಿ ನಿಂತಿತ್ತಲ್ಲ ಭಾವು, ನೀನೇ ಬಂದು ಬಡದಿ" ಎಂದಷ್ಟೇ ಮರಾಠಿಯಲ್ಲಿ ಹೇಳಿ ಸುಮ್ಮನಾದ. ಬಾಯಿಯ ಮುಂದೆ ಬಸವಂತ ಬೇರೆ ಹೇಳಿದ: ಗಾಡಿಯವ ನೋಡದೆ ಹಿಂದಕ್ಕೆ ದೂಡಿದ ಅಂತ.

"ಸೀತಾಬರ್ಡಿ ಗ್ಯಾರೇಜಿಗೆ ಒಯ್ಯು" ಎಂದರು ಬಾಯಿ.

"ಅಲ್ಲಿ ಯಾಕ್ರಿ ಬಾಯಾರ? ನಮ್ಮ ಮರಿಯಪ್ಪ ಅದಾನ. ನಮ್ಮ ಕಡೀ ಮನಷ್ಯಾ, ಮೋಸ ಮಾಡಂಗಿಲ್ಲ."

ಈ ಮರಿಯಪ್ಪ ಕಾರಿನ ಮಿಸ್ತ್ರಿಯಲ್ಲ. ಸೀತಾಬರ್ಡಿಯ ಒಂದು ಗಲ್ಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವವ, ಗದಗಿನ ಕಡೆಯವ. ನಾಗಪುರದ ಕನ್ನಡದ ಮನೆಗಳಲ್ಲಿ ಯಾವ ದೇವರನ್ನು ನೋಡಿದರೂ ಮರಿಯಪ್ಪನ ಗಾಜಿನ ಹಿಂದೆಯೇ ಕೂತಿರುತ್ತಾನೆ. ಪರಊರಿನಲ್ಲಿ ನಮ್ಮವರ ಹಣೆಬರಹವೇ ಇಷ್ಟು ನೋಡಿ. ಕಿವಿಗೆ ಎರಡು ಕನ್ನಡ ಮಾತು ಬಿದ್ದರೆ ಸಾಕು, ದರ್ಜಿಯ ಮುಂದೆ ಬಾಯಿ ತೆರೆದು ಹಲ್ಲು ನೋವು ತೋರಿಸುತ್ತೇವೆ. ಮರಿಯಪ್ಪನೂ ಆಗುವುದಿಲ್ಲ ಅನ್ನಲಿಲ್ಲ. ಮುಂಬಯಿಯಿಂದ ಗಾಜು ತರಿಸುತ್ತೇನೆಂದು ಎದೆ ತಟ್ಟಿ ಹೇಳಿದ, ಒಂದು ಮಧ್ಯಾಹ್ನದೊಳಗೆ ಗಾಜು ಕೂಡಿಸಿ, ಅದಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಕಳಿಸಿದ. ಇಷ್ಟು ಬೇಗ ಮುಂಬಯಿ ಎಲ್ಲಿಂದ ಬಂತು ಎಂದು ಬಸವಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಕಾರು ರಸ್ತೆಗಿಳಿದ ಮೇಲೆ ಸಂಶಯದ ಹುಳ ತಲೆಗೆ ಹೊಕ್ಕಿತು. ದೀಪದ ಕಂಬಗಳು ನೀರಿನಲ್ಲಿ ನಿಂತ ಹಾಗೆ ಬಳುಕುತ್ತಿದ್ದವು. ಅಷ್ಟೇ ಅಲ್ಲ, ಒಂದೊಂದು ಕಂಬದ ಮಗ್ಗುಲಿಗೆ ಇನ್ನೊಂದು ಕಂಬ ನಿಲ್ಲುತ್ತಿತ್ತು, ಸ್ವಲ್ಪ ಮಸುಕಾಗಿ. ಮೋಡ ಮುಸುಕಿದ ದಿನಗಳಲ್ಲಂತೂ ಎದುರಿಗೆ ಬರುವ ಟಾಂಗಾಕ್ಕೆ ಒಂದು ಕುದುರೆಯೋ ಎರಡೋ ಎಂದು ತಿಳಿಯದೆ ಅವನು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿಬಿಡುತ್ತಿದ್ದ.

"ಕಾಚ ಖೋಟಾ ಐತ್ರಿ ಬಾಯಾರ. ಎಲ್ಲಾ ಎರಡೆರಡು ಕಾಣಾಕ ಹತ್ಯಾವು" ಎಂದ ಕೊನೆಗೆ.

ಬಾಯಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ನೋಡಿದರು. "ಅಲೆಅಲೆ ಕಾಣ್ತದ, ಖರೆ. ಎರಡು ಕಾಣೂದಿಲ್ಲಲ್ಲ ನನಗ."

"ಹಿಂದ ಕುಂತವರಿಗೆ ಹೆಂಗ ಕಾಣಬೇಕ್ರಿ?"

ಬಾಯಿ ಹಿಂದಕ್ಕೆ ಒರಗಿ ಕೂತರು. ಒಳಗನ್ನಡಿಯಲ್ಲಿ ಅವರ ನೋಟ ತನ್ನ ಮುಖದ ಮೇಲೆ ಕೂತೇ ಇದೆ ಅನ್ನಿಸಿ ಬಸವಂತನ ಬೆನ್ನಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಅವರು ಮೆಲ್ಲಗೆ ಕೇಳಿದರು: "ಬಸವಂತಣ್ಣ, ಆ ಮರಿಯಪ್ಪ ನಿನಗ ಏನಾಗಬೇಕು?"

ಈ ಒಂದು ಮಾತಿಗೆ ಅವನು ಎರಡೂ ಕಡೆಯಿಂದ ಸಿಕ್ಕಿಬಿದ್ದ. ಗಾಜು ಖೋಟಾ ಅಂದರೆ, ಖೋಟಾ ಮನುಷ್ಯನನ್ನು ಮನೆಗೆ ತಂದವನು ತಾನೇ. ಗಾಜು ಚಲೋ ಅಂದರೆ, ಎರಡೆರಡು ಕಾಣುವುದಕ್ಕೆ ಬೇರೆ ಕಾರಣ ಹೇಳಬೇಕು. ಆ ಬೇರೆ ಕಾರಣದ ಹತ್ತಿರ ಬಸವಂತನ ಮನಸ್ಸು ಸುಳಿಯಲೂ ಒಪ್ಪುತ್ತಿರಲಿಲ್ಲ. ಕಣ್ಣು ಮಂಜಾದ ಡ್ರೈವರನನ್ನು ಯಾರೂ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಬಾಯಿ ಮೊದಲೇ ಡಾಕ್ಟರು.

ಮನೆಯಲ್ಲಿ ಹೆಂಡತಿ ಲಕ್ಷ್ಮವ್ವ ಎರಡಾಗಿ ಕಾಣುತ್ತಿದ್ದಳೇನು ಎಂದು ನೀವು ಕೇಳಬಹುದು. ಆಕೆಯನ್ನು ದಿಟ್ಟಿಸಿ ನೋಡುವ ರೂಢಿಯೇ ಅವನಿಗಿರಲಿಲ್ಲ. ತಾಟಿನಲ್ಲಿ ರೊಟ್ಟಿ ಬಿದ್ದರೆ ಮುರಿದು ತಿನ್ನುವುದು, ಏಳುವುದು.

ಮರುದಿನ ಅವನು ಮರಿಯಪ್ಪನ ಅಂಗಡಿಗೆ ಹೋಗಿ ನಿಂತ. ಮರಿಯಪ್ಪ ಲಕ್ಷ್ಮಿಯ ಚಿತ್ರವೊಂದಕ್ಕೆ ಕಟ್ಟು ಬಡಿಯುತ್ತಿದ್ದ. ಪಕ್ಕದಲ್ಲಿ ದೊಡ್ಡ ದೊಡ್ಡ ಗಾಜಿನ ಹಾಳೆಗಳು ಗೋಡೆಗೆ ಒರಗಿದ್ದವು. ಅದೇ ಹಸಿರು ಅಂಚು, ಅದೇ ಅಲೆ.

"ಇದು ಕಾರಿನ ಕಾಚ ಅಲ್ಲೋ ಮರಿಯಪ್ಪ. ಮುದ್ರಿ ಎಲ್ಲೈತಿ?"

ಮರಿಯಪ್ಪ ತಲೆ ಎತ್ತಲಿಲ್ಲ. "ಕಾಚ ಅಂದ್ರ ಕಾಚ. ಇಷ್ಟು ವರ್ಷ ಆತು, ದೇವರು ನನ್ನ ಕಾಚಿನ ಹಿಂದ ಕುಂತಾನ. ಒಂದ ದಿನಾ ತಕರಾರ ಮಾಡಿಲ್ಲ."

"ದೇವರೇನು ಇತವಾರಿಗೆ ಗಾಡಿ ಹೊಡಕೊಂಡ ಹೊಕ್ಕಾನೇನು? ಕಾಚಿನ ಸುತ್ತಿನ ರಬ್ಬರ ಎಲ್ಲಿ ಒಗದಿ?"

"ಒಣಗಿ ಕಟ್ಟಿಗಿ ಆಗಿತ್ತದು. ಅಗಸಿ ಎಣ್ಣೀ ಪುಟ್ಟಿ ಹಚ್ಚೀನಿ. ಹುಡುಗೂರ ಸಾಲಿ ಕಿಟಕಿಗೆಲ್ಲಾ ಅದನ್ನ ಹಚ್ಚೂದು."

"ಸಾಲಿ ರಸ್ತಾದ ಮ್ಯಾಲ ಓಡಂಗಿಲ್ಲಲೇ." ಬಸವಂತನ ಧ್ವನಿ ಏರಿತು. "ಕಂಬ ಬಳಕ್ತಾವು. ಒಂದ ಕಂಬ ಎರಡಾಗಿ ಕಾಣ್ತೈತಿ."

ಈಗ ಮರಿಯಪ್ಪ ಸುತ್ತಿಗೆ ಕೆಳಗಿಟ್ಟ. ಬಸವಂತನ ಮುಖವನ್ನೇ ನೋಡಿದ. "ಬಳಕೂದು ಖರೆ ಇರಬಹುದು. ಎರಡು ಹೆಂಗ ಕಾಣ್ತೈತಿ? ಬಸವಂತಣ್ಣ, ಆ ಗ್ವಾಡಿ ಮ್ಯಾಲ ಫೋಟೋ ಎಷ್ಟ ಅದಾವು, ಹೇಳು ನೋಡೂಣು."

ಬಸವಂತ ಗೋಡೆಯ ಕಡೆ ತಿರುಗಲೇ ಇಲ್ಲ. "ನಿನ್ನ ಫೋಟೋ ಎಣಸಾಕ ಬಂದಿಲ್ಲ ನಾ" ಎಂದು ದಡದಡ ಇಳಿದು ಬಂದ.

ದಾರಿಯುದ್ದಕ್ಕೂ ಒಳಗೊಳಗೇ ಕುದಿದ. ಕಳ್ಳತನ ಮಾಡಿದವನೇ ಪಂಚನಾಮೆಗೆ ಕೂತ ಹಾಗಾಯಿತಲ್ಲ ಇದು. ಖೋಟಾ ಗಾಜು ಕೊಟ್ಟದ್ದು ಸಾಲದೆಂದು ತನ್ನ ಕಣ್ಣಿನ ಮೇಲೆಯೇ ಸಂಶಯ ಹುಟ್ಟಿಸುವ ಹುನ್ನಾರ. ಬಾಯಿಯ ಕಿವಿಗೂ ಇವನೇ ಊದಿರಬೇಕು. ಇಲ್ಲದಿದ್ದರೆ ಅವರು ಕನ್ನಡಿಯಲ್ಲಿ ಹಾಗೇಕೆ ನೋಡಬೇಕು? ಪೆಟ್ರೋಲು ಹಾಕುವವನು ಬೆಳಿಗ್ಗೆ ನಕ್ಕದ್ದೂ ಈಗ ಅವನಿಗೆ ಬೇರೆಯಾಗಿ ಕಂಡಿತು. ಊರಿಗೆ ಊರೇ ಸೇರಿಕೊಂಡು ತನ್ನ ಕೈಯಿಂದ ಸ್ಟೇರಿಂಗು ಕಿತ್ತುಕೊಳ್ಳಲು ನಿಂತಿದೆ ಅನ್ನಿಸಿ ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು.

ಅಲ್ಲಯ್ಯಾ, ಕಾರಿನಿಂದ ಕೆಳಗಿಳಿದು, ಗಾಜಿಲ್ಲದೆ ಒಂದೇ ಒಂದು ಕಂಬವನ್ನು ನೋಡಿದರೆ ಮುಗಿಯುತ್ತಿತ್ತಲ್ಲ? ಚಿಕ್ಕ ಕೂಸಿಗೂ ಹೊಳೆಯುವ ಮಾತು ಇದು. ಬಸವಂತನಿಗೂ ಹೊಳೆದಿತ್ತು. ಅದಕ್ಕೇ ಅವನು ಕಾರಿನಿಂದ ಇಳಿದ ಕೂಡಲೇ ತಲೆ ತಗ್ಗಿಸಿ, ನೆಲ ನೋಡಿಕೊಂಡು ನಡೆಯುತ್ತಿದ್ದ. ಗ್ಯಾರೇಜು ಬೇಡ ಅಂದದ್ದೂ ಇದಕ್ಕೇ. ಅಲ್ಲಿಯ ದೊಡ್ಡ ಮಿಸ್ತ್ರಿ ಗಾಜು ನೋಡುವುದಕ್ಕಿಂತ ಮೊದಲು ಡ್ರೈವರನನ್ನು ನೋಡಿ, ನಿಂತ ಗಾಡಿಗೆ ಹೇಗೆ ಬಡಿದೆ ಎಂದು ಕೇಳುವವ.

ಆ ವಾರವೆಲ್ಲ ಮಳೆ ಹಿಡಿದುಕೊಂಡಿತು. ಹವೆಯಲ್ಲಿ ತೇವ, ಪುಟ್ಟಿ ಒಣಗಲೇ ಇಲ್ಲ, ಬೆರಳಿಟ್ಟರೆ ಬೆಣ್ಣೆಯಂತೆ ತಗ್ಗು ಬೀಳುತ್ತಿತ್ತು. ಒಳಗೆ ನೀರು ಜಿನುಗಿ ಬಸವಂತನ ಮೊಣಕಾಲು ತೊಯ್ಯುತ್ತಿತ್ತು. ಅವನಿಗೆ ಒಳಗೊಳಗೇ ಸಂತೋಷ. ಸೋರಲಿ, ಚೆನ್ನಾಗಿ ಸೋರಲಿ, ಬಾಯಿಯ ಸೀರೆಯ ಮೇಲೂ ಬೀಳಲಿ, ಆಗ ಗೊತ್ತಾಗುತ್ತದೆ ತಪ್ಪು ಯಾರದೆಂದು.

ಅಂಥದೊಂದು ಮಧ್ಯಾಹ್ನ ಇತವಾರಿಯಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಕೂಸು ಅಡ್ಡ ಇದೆ, ಜಲ್ದಿ ಬರ್ರಿ ಅಂತ. ಬಾಯಿ ಔಷಧದ ಚೀಲವನ್ನು ಮುಂದಿನ ಸೀಟಿನ ಮೇಲಿಟ್ಟು ಹಿಂದೆ ಕೂತರು. ಮಳೆ ಆಗಷ್ಟೇ ಹೊಳವಾಗಿ ತುಂತುರು ಉಳಿದಿತ್ತು. ಇತವಾರಿ ಶುರುವಾಗುವಲ್ಲಿ ರಸ್ತೆಯಲ್ಲಿ ಒಂದು ತಗ್ಗು. ಎರಡು ತಗ್ಗು ಕಂಡವು ಬಸವಂತನಿಗೆ. ಒಂದನ್ನು ತಪ್ಪಿಸಿ ಇನ್ನೊಂದರಲ್ಲಿ ಗಾಲಿ ಇಳಿಸಿದ.

ಕಾರು ಕುಪ್ಪಳಿಸಿತು. ಗಾಜು ಕಟ್ಟಿನಿಂದ ಕಳಚಿಕೊಂಡು, ಇಡೀ ಗಾಜು ಹಾಗೇ, ಬಾನೆಟ್ಟಿನ ಮೇಲೆ ಜಾರಿ ಹೋಗಿ ರಸ್ತೆಗೆ ಬಿದ್ದು ಉದ್ದುದ್ದ ಚೂರಾಯಿತು. ಒಳಗೆ ಬಿದ್ದಿದ್ದರೆ ಇಬ್ಬರ ಗತಿಯೂ ಅಷ್ಟೇ ಇತ್ತು.

ಬಸವಂತ ಬ್ರೇಕು ಒತ್ತಿ ತಿರುಗಿದ. "ನೋಡಿದ್ರ್ಯಾ ಬಾಯಾರ? ಪೆಟ್ಟಾತೇನ್ರಿ? ನಾ ಹೇಳಿದ್ನಿಲ್ಲ? ಫೋಟೋದ ಕಾಚರಿ ಅದು." ಅಂದುಕೊಂಡದ್ದೇ ಖರೆಯಾದ ಖುಷಿಗೆ ಅವನು ತೊಡೆ ತಟ್ಟಿಕೊಂಡ.

"ನಿನ್ನ ಮಾತು ಖರೆ ಆತಪ್ಪ. ನಾ ನಿನ್ನ ಮ್ಯಾಲ ಸಂಶೆ ಪಡಬಾರದಿತ್ತು." ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ನಡುವ ಏನೂ ಇಲ್ಲ, ಸ್ವಚ್ಛ ಕಾಣ್ತದ. ನಡಿ, ಆ ಹುಡುಗಿ ಕಾಯೂದಿಲ್ಲ."

ಬಸವಂತ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡು ಮುಂದೆ ನೋಡಿದ. ತಣ್ಣನೆಯ ಗಾಳಿ ಮುಖಕ್ಕೆ ರಾಚಿತು. ಎದುರಿಗೆ ದೀಪದ ಕಂಬ. ಬಳುಕು ಹೋಗಿತ್ತು. ನೆಟ್ಟಗೆ ನಿಂತಿತ್ತು ಕಂಬ. ಅದರ ಮಗ್ಗುಲಿಗೆ ಇನ್ನೊಂದು, ಅದೂ ನೆಟ್ಟಗೆ ನಿಂತಿತ್ತು.

ಅಲ್ಲಿ ಒಂದೇ ಕಂಬ ಇರುವುದೆಂದು ಅವನಿಗೆ ಚೆನ್ನಾಗಿ ಗೊತ್ತು. ಬಾಯಿಯನ್ನು ಹೆರಿಗೆಯ ಮನೆಗಳಿಗೆ ಕಳಿಸಿ ಎಷ್ಟೋ ಸಲ ಅದಕ್ಕೇ ಒರಗಿ ಬೀಡಿ ಸೇದಿದ್ದಾನೆ. ಮತ್ತೊಮ್ಮೆ ಒರೆಸಿಕೊಂಡ. ಎರಡೇ. ಇನ್ನುಳಿದದ್ದು ಒಂದಿಷ್ಟು ದಾರಿ, ಕಣ್ಣು ಮುಚ್ಚಿಕೊಂಡೂ ಹೋಗಬಲ್ಲೆ ಎಂದುಕೊಂಡು ಗೇರಿಗೆ ಕೈಹಾಕಿದ. ಅಷ್ಟರಲ್ಲಿ ಗಲ್ಲಿಯಿಂದ ಕೈಗಾಡಿ ಹೊರಬಂತು. ಎರಡು ಗಾಡಿ, ನಡುವೆ ಸ್ವಲ್ಪ ಜಾಗ. ಯಾವುದು ಗಾಡಿ, ಯಾವುದು ಜಾಗ ಎಂದು ಅವನಿಗೆ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಬಾಯಿ, ಮುಂದೆ ಎಲ್ಲೋ ಅಡ್ಡ ಮಲಗಿದ ಕೂಸು. ಅವನು ಎಂಜಿನ್ ಬಂದ್ ಮಾಡಿದ.

"ಯಾಕ ನಿಂದರಿಸಿದಿ?"

ಬಸವಂತ ಸ್ಟೇರಿಂಗಿನಿಂದ ಕೈ ತೆಗೆದ. "ಅವತ್ತಿನ ಆ ಬಿದಿರಿನ ಗಾಡಿ..." ಎಂದ. "ಅಂವ ಹಿಂದ ದೂಡಿರಲಿಲ್ಲರಿ ಬಾಯಾರ. ನಿಂತಿತ್ತದು. ನನಗ ಕಂಡಿರಲಿಲ್ಲ."

ಬಾಯಿ ಬಾಗಿಲು ತೆರೆದು ಇಳಿದು, ಮುಂದೆ ಬಂದು, ಅವನ ಬಾಗಿಲು ತೆಗೆದು ನಿಂತರು. "ಕಣ್ಣಿಗೆ ಪೊರಿ ಬಂದಿರಬೇಕು. ಆಮ್ಯಾಲೆ ನೋಡೂಣು. ಆ ಕಡೆ ಸರಿ."

ಅವರಿಗೆ ಕಾರು ಕಲಿಸಿದವನೂ ಅವನೇ, ಕಸ್ತೂರಚಂದ ಪಾರ್ಕಿನ ಬಯಲಿನಲ್ಲಿ. ಕಲಿತ ಮೇಲೆ ಅವರು ಸ್ಟೇರಿಂಗು ಮುಟ್ಟಿರಲಿಲ್ಲ, ಅವನು ಮುಟ್ಟಗೊಟ್ಟಿರಲಿಲ್ಲ. ಬಸವಂತ ಎಡಗಡೆಯ ಸೀಟಿಗೆ ಸರಿದ. ಅಲ್ಲಿದ್ದ ಔಷಧದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಯಿತು. ಕಾರು ಎರಡು ಸಲ ಮುಗ್ಗರಿಸಿ ಚಾಲೂ ಆಯಿತು.

"ಮುಂದ ಬಲಕ್ಕ ಹೊಳ್ಳಬೇಕ್ರಿ" ಎಂದ ಅವನು, ತಡೆಯಲಾರದೆ. "ದಾರಿ ನಾ ಹೇಳ್ತೀನಿ."

"ಕಾಣ್ತದ ಬಸವಂತಣ್ಣ" ಎಂದರು ಬಾಯಿ, ಮೆಲ್ಲಗೆ.

ತಿರುವಿನಲ್ಲಿ ಪೊಲೀಸನೊಬ್ಬ ಕೈ ಎತ್ತಿ ದಾರಿ ಬಿಟ್ಟ. ಬಸವಂತ ಎರಡೂ ಕೈಯಿಂದ ಚೀಲ ಹಿಡಿದುಕೊಂಡು ಕೂತಿದ್ದ.