ಜಾಗ ಬದಲಿಸುವ ದಾಮೆ ಹಲಗೆ

ಎಜಿರ್ ಮೇಷ್ಟ್ರು ದಿನಾ ಬೆಳಿಗ್ಗೆ ನಡೆದು ಬೆವರಿಕೊಂಡು ಮನೆಗೆ ಬರುತ್ತಿದ್ದರು, ಆದರೆ ಬೆವರು ಕುತ್ತಿಗೆಯಲ್ಲಿ ಮಾತ್ರ. ಹೆಂಡತಿ ಎಸಿವಾ ನಲವತ್ತು ವರ್ಷದಿಂದ ಆ ಮನುಷ್ಯನ ಅಂಗಿ ಒಗೆದವಳು. ಕಾಲರು ತೊಯ್ದು ತೊಪ್ಪೆಯಾಗಿ, ಕಂಕುಳು ಮಾತ್ರ ಗರಿಗರಿಯಾಗಿರುವ ಬೆವರನ್ನು ಅವಳು ಇಷ್ಟು ದಿನ ಕಂಡಿರಲಿಲ್ಲ.

ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಕಡಲ ದಡದ ಸಾಲ್ಟ್‌ಪಾಂಡ್ ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ಮನುಷ್ಯ ಆಮೇಲೆ ಕುರ್ಚಿ ಹಿಡಿದು ಕೂತುಬಿಟ್ಟಿದ್ದರು. ಮಾತು ಕಮ್ಮಿಯಾಯಿತು, ಹೊಟ್ಟೆ ಮುಂದಕ್ಕೆ ಬಂತು. ರೇಡಿಯೋದಲ್ಲಿ ಮಾತಾಡುವವರನ್ನೆಲ್ಲ ಬೈಯುವುದೊಂದೇ ಕೆಲಸವಾಯಿತು. ಕೊನೆಗೆ ಎಸಿವಾ ಅವರನ್ನು ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿದ್ದ ನರ್ಸ್ ಎಕುವಾ ಮೇಷ್ಟ್ರ ಹಳೆ ಶಿಷ್ಯೆ. ರಕ್ತದೊತ್ತಡ ನೋಡಿ ಒಂದು ಚೀಟಿ ಬರೆದುಕೊಟ್ಟಳು. ದಿನಾ ಒಂದು ಗಂಟೆ ನಡೆಯಬೇಕು, ಉಪ್ಪುಮೀನು ಕಡಿಮೆ ಮಾಡಬೇಕು, ಒಬ್ಬರೇ ಕೂರದೆ ನಾಲ್ಕು ಜನರ ಜೊತೆ ಬೆರೆಯಬೇಕು.

"ಹೋಮ್‌ವರ್ಕ್ ಮಾಡದೆ ಬಂದೋರಿಗೆ ಏನು ಮಾಡ್ತಿದ್ರಿ ಅಂತ ನೆನಪಿದೆ ತಾನೇ ಮೇಷ್ಟ್ರೇ?" ಅಂದಳು.

"ಇದೆ ತಾಯಿ," ಅಂದರು ಮೇಷ್ಟ್ರು, ಮುಖ ಹುಳ್ಳಗೆ ಮಾಡಿಕೊಂಡು.

ಒಂದು ವಾರ ಅಂಗಿ ಒಗೆದ ಮೇಲೆ ಎಸಿವಾ ತಡೆಯಲಾರದೆ ಅವರ ಹಿಂದೆಯೇ ಹೊರಟಳು. ಹೆಚ್ಚು ದೂರ ಹೋಗಬೇಕಾಗಲಿಲ್ಲ. ಓಣಿಯ ಕೊನೆಯ ಬೇವಿನ ಮರದಡಿ ಬಲೆ ಹೆಣೆಯುವ ಬೋಚ್ವೆ, ಚೌಕಗಳಲ್ಲಿ ಕಾಯಿ ನಡೆಸಿ ಆಡುವ ದಾಮೆ ಹಲಗೆ ಹಾಸಿಕೊಂಡು ಕಾಯುತ್ತಿದ್ದ. ಮೇಷ್ಟ್ರು ಸರಿಯಾಗಿ ಒಂದು ಗಂಟೆ ಆಡಿದರು. ಎದ್ದವರು ನಲ್ಲಿಯಲ್ಲಿ ಕರ್ಚೀಫು ನೆನೆಸಿ, ಕುತ್ತಿಗೆಗೆ ಹಿಂಡಿಕೊಂಡು, ಏದುಸಿರು ಬಿಡುವ ಅಭ್ಯಾಸ ಮಾಡುತ್ತ ಮನೆ ಕಡೆ ತಿರುಗಿದರು.

ಎಸಿವಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಬೈಯಬಹುದಿತ್ತು. ಬೈದರೆ ಮತ್ತೆ ಕುರ್ಚಿಯೇ ಗತಿ. ಅದಲ್ಲದೆ ಆ ಮರದಡಿ ಮೇಷ್ಟ್ರು ತೊಡೆ ತಟ್ಟಿಕೊಂಡು ನಗುವುದನ್ನು ಕಂಡಿದ್ದಳು. ಎರಡು ವರ್ಷದಿಂದ ಮನೆಯಲ್ಲಿ ಆ ನಗು ಕೇಳಿರಲಿಲ್ಲ.

ಸಂಜೆ ತಾನು ಮಾರುವ ಮೆಕ್ಕೆಜೋಳದ ಕೆಂಕೆ ಉಂಡೆ ಎರಡು, ಹುರಿದ ಮೀನು ಒಂದು ಕಟ್ಟಿಕೊಂಡು ಬೋಚ್ವೆಯ ಮನೆಗೆ ಹೋದಳು.

"ನಾಳೆ ಹಲಗೆ ಚರ್ಚಿನ ಹತ್ರ ಹಾಸು."

"ಯಾಕಕ್ಕಾ? ಮರದಡಿ ತಂಪಾಗಿದೆಯಲ್ಲ?"

"ಇರುವೆ ಕಚ್ತು ಅನ್ನು. ಎರಡು ದಿನ ಬಿಟ್ಟು ಬಸ್ ನಿಲ್ದಾಣ. ಆಮೇಲೆ ದೋಣಿ ಕಟ್ಟೋ ಕಡೆ. ದಿನಾ ಒಂದು ಮೀನು ನಿಂಗೆ."

ಬೋಚ್ವೆ ಮೀನನ್ನು ತಿರುಗಿಸಿ ನೋಡಿದ. "ಅಕ್ಕಾ, ಮೇಷ್ಟ್ರು ನಂಗೆ ಮೂರನೇ ಕ್ಲಾಸಲ್ಲಿ ಬೆತ್ತದಲ್ಲಿ ಹೊಡೆದಿದ್ರು. ಆ ಲೆಕ್ಕಕ್ಕೇ ಪುಕ್ಕಟೆ ಮಾಡ್ತಿದ್ದೆ. ಇರಲಿ, ಕೊಡಿ."

ಹಲಗೆ ಹೀಗೆ ನಡೆಯತೊಡಗಿತು. ಇರುವೆ ಆಯಿತು, ಚರ್ಚಿನ ಧ್ವನಿವರ್ಧಕದ ಗಲಾಟೆ ಆಯಿತು, ಬಸ್ಸಿನ ಹೊಗೆ ಆಯಿತು. ಎರಡು ತಿಂಗಳಾಗುವ ಹೊತ್ತಿಗೆ ಗುಡ್ಡದ ಮೇಲಿನ ಹಳೆ ಕೋಟೆ ಸೇರಿತ್ತು. ಮೇಷ್ಟ್ರು ಹುಡುಕಿಕೊಂಡು ಹೋಗುತ್ತಿದ್ದರು, ದಾರಿಯಲ್ಲಿ ಸಿಕ್ಕ ಹಳೆ ಶಿಷ್ಯರನ್ನೆಲ್ಲ ಮಾತಾಡಿಸುತ್ತಿದ್ದರು. ಅಂಗಿ ಈಗ ಕಂಕುಳಲ್ಲೂ ನಾರುತ್ತಿತ್ತು. ಎಸಿವಾ ಅದನ್ನು ಸಂತೋಷದಿಂದ ಒಗೆದಳು. ಎಕುವಾ ರಕ್ತದೊತ್ತಡ ನೋಡಿ ಭೇಷ್ ಅಂದಾಗ, "ಶಿಸ್ತು ಕಣಮ್ಮ, ಎಲ್ಲಾ ಶಿಸ್ತು," ಅಂದರು ಮೇಷ್ಟ್ರು. ಎಸಿವಾ ಕಿಟಕಿಯಾಚೆ ನೋಡಿದಳು.

ಕೆಡಿಸಿದವನು ಬೋಚ್ವೆ. ಒಂದು ಭಾನುವಾರ ಅಂಗಳಕ್ಕೆ ಬಂದು ಗಟ್ಟಿಯಾಗಿ ಹೇಳಿದ: "ಅಕ್ಕಾ, ಕೋಟೆ ಹತ್ತೋದಕ್ಕೆ ಒಂದು ಮೀನು ಸಾಲದು. ಎರಡು ಕೊಟ್ರೆ ಮಾತ್ರ ಹಲಗೆ ಹೊತ್ತುಕೊಂಡು ಹೋಗ್ತೀನಿ."

ಪರದೆಯ ಹಿಂದೆ ಗಡ್ಡ ಹೆರೆಯುತ್ತಿದ್ದ ಮೇಷ್ಟ್ರು ಅರ್ಧ ಮುಖದ ನೊರೆಯೊಂದಿಗೆ ಹೊರಗೆ ಬಂದರು. ಇಬ್ಬರನ್ನೂ ನೋಡಿದರು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು.

ಎರಡು ದಿನ ಹಲಗೆಯ ಕಡೆ ಹೋಗಲಿಲ್ಲ. ಎಸಿವಾಗೆ ಊಟ ಸೇರಲಿಲ್ಲ. ತನ್ನ ಕಿಲಾಡಿತನಕ್ಕೆ ತಾನೇ ಶಾಪ ಹಾಕಿಕೊಂಡಳು. ಆದರೆ ಕುರ್ಚಿಯಲ್ಲಿದ್ದ ಮೇಷ್ಟ್ರ ಕಾಲು ಮಾತ್ರ ಸುಮ್ಮನಿರದೆ ನೆಲ ತಟ್ಟುತ್ತಲೇ ಇತ್ತು.

ಮೂರನೆಯ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಮೇಷ್ಟ್ರು ಹಾಸಿಗೆಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಕಂಕುಳಲ್ಲಿ ದಾಮೆ ಹಲಗೆ, ಹಿಂದೆ ನಿದ್ದೆಗಣ್ಣಿನ ಬೋಚ್ವೆ.

"ಮೀನಿಲ್ಲದೆ ಎಳ್ಕೊಂಡು ಬಂದವ್ರೆ ಅಕ್ಕಾ," ಅಂದ ಬೋಚ್ವೆ.

"ಸುಮ್ನಿರೋ. ಎಸಿವಾ, ಚಪ್ಪಲಿ ಹಾಕ್ಕೋ. ನಿನ್ನ ರಕ್ತದೊತ್ತಡ ನೋಡಿಸಿ ಎಷ್ಟು ದಿನ ಆಯ್ತು?"

"ಒಲೆ ಮೇಲೆ ಪಾತ್ರೆ ಇದೆ ಮೇಷ್ಟ್ರೇ."

"ಖಾಲಿ ಪಾತ್ರೆ. ಮುಚ್ಚಳ ತೆಗೆದು ನೋಡೇ ಬಂದೆ."

ಗುಡ್ಡದ ಅರ್ಧಕ್ಕೇ ಎಸಿವಾ ಉಸಿರುಗಟ್ಟಿ ಬಂಡೆಯ ಮೇಲೆ ಕುಸಿದಳು. ಮೇಷ್ಟ್ರು ಹತ್ತು ಹೆಜ್ಜೆ ಮೇಲೆ ನಿಂತು, ಹಳೆಯ ಶಾಲೆಯ ಗತ್ತಿನಲ್ಲಿ ಅವಳನ್ನು ನೋಡಿದರು. ಆಮೇಲೆ ಇಳಿದು ಬಂದು ಪಕ್ಕದಲ್ಲಿ ಕೂತರು.

"ನಂಗೆ ಗೊತ್ತಾದಾಗ ಸಿಟ್ಟು ಬಂದಿದ್ದು ನಿಜ," ಅಂದರು. "ಇಷ್ಟು ದಿನ ನಾನೇ ಜಾಣ ಅಂದುಕೊಂಡಿದ್ದೆ."

ಎಸಿವಾ ನಕ್ಕಳು, ನಗಲು ಉಸಿರು ಸಾಲದೆ ಕೆಮ್ಮಿದಳು. ಕೆಳಗೆ ಕಡಲಿನಲ್ಲಿ ದೋಣಿಗಳು ದಡಕ್ಕೆ ಬರುತ್ತಿದ್ದವು. ಸ್ವಲ್ಪ ಸುಧಾರಿಸಿಕೊಂಡು ಇಬ್ಬರೂ ಎದ್ದರು. ಬೋಚ್ವೆ ಆಗಲೇ ಕೋಟೆ ಬಾಗಿಲಲ್ಲಿ ನಿಂತು, ಬೇಗ ಬನ್ನಿ ಎಂದು ಕೂಗುತ್ತಿದ್ದ.